ಎಣ್ಣೆ ಹೊಡೆಯುವ ಹೊಲ, ಹಿಂದೆ ಬಂದ ನಾಯಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಿ ಮತ್ತು ಕೀಟನಾಶಕದ ಬಗ್ಗೆಯೇ ಇವೆ. ಹತ್ತಿ, ಮೆಣಸಿನಕಾಯಿ, ಭತ್ತ ಮೂರಕ್ಕೂ ಔಷಧಿ ಹೊಡೆಯುವ, ನಮ್ಮ ಮಾತಿನಲ್ಲಿ ಎಣ್ಣೆ ಹೊಡೆಯುವ ಕಾಲ ಇದು, ಇನ್ನೇನು ಬರುತ್ತದೆ ಹೇಳಿ. ಹಾಲು ಕಡಿಮೆಯಾದ ಎಮ್ಮೆಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರು ಬೇಜಾರಾಗಬೇಡಿ.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಿರುಗುಪ್ಪ ತಾಲ್ಲೂಕು. ಎರಡು ಎಕರೆ ಮೆಣಸಿನಕಾಯಿ ಇದೆ. ನುಸಿ ಜಾಸ್ತಿಯಾಗಿದೆ ಅಂತ ನಮ್ಮ ಯಜಮಾನರು ಬೆಳಿಗ್ಗೆ ಎಣ್ಣೆ ಹೊಡೆಯುತ್ತಿದ್ದರು. ನಮ್ಮ ನಾಯಿ ಕರಿಯ ಅವರ ಹಿಂದೆಯೇ ಸಾಲಿನಲ್ಲಿ ಓಡಾಡಿದೆ. ಮನೆಗೆ ಬಂದು ಮೈ ನೆಕ್ಕಿಕೊಳ್ಳುತ್ತಾ ಮಲಗಿತ್ತು. ಮಧ್ಯಾಹ್ನಕ್ಕೆ ಬಾಯಿಂದ ಜೊಲ್ಲು, ಭೇದಿ, ಹಿಂಗಾಲು ನಡುಕ. ಅತ್ತೆ ಕೊಬ್ಬರಿ ಎಣ್ಣೆ ಕುಡಿಸಿದರು. ಪಕ್ಕದ ಮನೆಯವರು ಹುಣಸೆ ನೀರು ಹಾಕಿದರು. ಸಂಜೆ ಆಸ್ಪತ್ರೆಗೆ ಒಯ್ದೆವು, ಮೂರು ದಿನ ಇಂಜೆಕ್ಷನ್ ಆಯ್ತು, ಬದುಕಿತು. ಮುಂದೆ ಹೀಗಾದರೆ ಮನೆಯಲ್ಲಿ ಮೊದಲು ಏನು ಮಾಡಬೇಕು?

ಉತ್ತರ: ಅಕ್ಕಾರೆ, ಕರಿಯನ ಆಯಸ್ಸು ಗಟ್ಟಿ ಇತ್ತು. ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಒಂದೇ ಮಾತು: "ಮೈ ನೆಕ್ಕಿಕೊಳ್ಳುತ್ತಾ ಮಲಗಿತ್ತು". ಅನಾಹುತ ಆಗಿದ್ದು ಅಲ್ಲೇ. ಬೆಳಿಗ್ಗೆ ಹೊಲದಿಂದ ಬಂದ ಕೂಡಲೇ ಸೋಪು ಹಚ್ಚಿ ತೊಳೆದಿದ್ದರೆ ಬಹುಶಃ ನೀವು ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸ್ವಲ್ಪ ನಾಯಿಯ ಎತ್ತರಕ್ಕೆ ಬಗ್ಗಿ ನೋಡಿ. ನಿಮ್ಮ ಯಜಮಾನರಿಗೆ ಮೆಣಸಿನ ಗಿಡ ಮೊಣಕಾಲಿನ ಮೇಲೆ ಬರುತ್ತದೆ, ಕರಿಯನಿಗೆ ಅದು ತಲೆಯ ಮಟ್ಟ. ಪಂಪಿನಿಂದ ಬಿದ್ದ ಹನಿ ಎಲೆಯಿಂದ ತೊಟ್ಟಿಕ್ಕುತ್ತಾ ಇರುತ್ತದೆ, ಅವನು ಎರಡು ಸಾಲಿನ ನಡುವೆ ಹೋಗುವಾಗ ಎರಡೂ ಪಕ್ಕೆ ಒರೆಸಿಕೊಂಡೇ ಹೋಗುತ್ತಾನೆ. ಹೊಟ್ಟೆಯ ಅಡಿ ಕೂದಲು ಕಮ್ಮಿ, ಚರ್ಮ ತೆಳು. ಕಾಲಿನ ಬೆರಳ ಸಂದಿಯಲ್ಲಿ ಒದ್ದೆ ಮಣ್ಣು ಕೂತಿರುತ್ತದೆ. ಅಷ್ಟೂ ಹೊತ್ತುಕೊಂಡು ಮನೆಗೆ ಬಂದು, ನೆರಳಿನಲ್ಲಿ ಕೂತು, ನಾಲಿಗೆಯಿಂದ ಮೈಯೆಲ್ಲ ಕ್ಲೀನ್ ಮಾಡಿಕೊಳ್ಳುತ್ತಾನೆ. ಚರ್ಮದಿಂದ ನಿಧಾನಕ್ಕೆ ಹೋಗುತ್ತಿದ್ದದ್ದು ಈಗ ನೇರ ಹೊಟ್ಟೆಗೆ.

ಆದ್ದರಿಂದ ಮೊದಲು ನೀರು, ಸೋಪು. ಬೇರೆ ಎಲ್ಲ ಆಮೇಲೆ. ಆದರೆ ನಿಮ್ಮ ಕೈ ಬರಿಗೈ ಇರಬಾರದು. ರಬ್ಬರ್ ಗ್ಲೌಸ್ ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಳ್ಳಿ. ಕೊರಳ ಪಟ್ಟಿ ಬಿಚ್ಚಿಬಿಡಿ, ಅದೂ ನೆನೆದಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಇದ್ದರೆ ಒಳ್ಳೆಯದು. ಯಾಕೆಂದರೆ ಈ ಔಷಧಿಗಳಲ್ಲಿ ಎಷ್ಟೋ ಜಿಡ್ಡಿನ ಜಾತಿಯವು, ಬರೀ ನೀರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಮೈ ಸೋಪು, ಶಾಂಪೂ ಯಾವುದಾದರೂ ನಡೆಯುತ್ತದೆ. ನೀರು ಉಗುರುಬೆಚ್ಚಗೆ ಅಥವಾ ತಣ್ಣಗೆ ಇರಲಿ. ಬಿಸಿನೀರು ಬೇಡವೇ ಬೇಡ, ಚರ್ಮದ ರಕ್ತನಾಳ ಅರಳಿ ವಿಷ ಇನ್ನೂ ಬೇಗ ಒಳಗೆ ಇಳಿಯುತ್ತದೆ. ತಲೆ, ಕಿವಿಯ ಹಿಂದೆ, ಹೊಟ್ಟೆಯಡಿ, ಬೆರಳ ಸಂದಿ, ಬಾಲದ ಬುಡ, ಒಂದೂ ಬಿಡಬಾರದು. ಒಂದು ಸಲ ತೊಳೆದು ಸಾಕು ಅನ್ನಬೇಡಿ, ಮೂರು ಸಲ ಸೋಪು ಹಚ್ಚಿ ಮೂರು ಸಲ ತೊಳೆಯಿರಿ. ಗಟ್ಟಿಯಾಗಿ ಬ್ರಷ್ ಹಾಕಿ ಉಜ್ಜುವುದು ಬೇಡ, ಚರ್ಮ ಗೀಚಿದರೆ ದಾರಿ ತೆರೆದ ಹಾಗೆ. ಕಣ್ಣಿಗೆ ಬಿದ್ದಿದ್ದರೆ ಬರೀ ನೀರನ್ನು ಹತ್ತು ಹದಿನೈದು ನಿಮಿಷ ಸುರಿಯುತ್ತಲೇ ಇರಿ. ತೊಳೆದ ನೀರು ದನದ ಬಾನಿಗೋ ಕಾಲುವೆಗೋ ಹೋಗದ ಹಾಗೆ ನೋಡಿಕೊಳ್ಳಿ. ಒರೆಸಿ ಒಣಗಿಸಿ, ನೆಕ್ಕಿಕೊಳ್ಳಲು ಬಿಡಬೇಡಿ.

ಒಂದು ಎಚ್ಚರಿಕೆ. ನಾಯಿಗೆ ಆಗಲೇ ಫಿಟ್ಸ್ ಬರುತ್ತಿದ್ದರೆ, ಅಥವಾ ಉಸಿರಿಗೆ ಒದ್ದಾಡುತ್ತಿದ್ದರೆ ಸ್ನಾನ ಮಾಡಿಸುತ್ತಾ ಕೂರಬೇಡಿ. ಒಂದು ಗೋಣಿಚೀಲದ ಮೇಲೆ ಹಾಕಿ ಆಸ್ಪತ್ರೆಗೆ ಹೊರಡಿ, ತೊಳೆಯುವುದು ಅಲ್ಲಿ.

ಇನ್ನು ಅತ್ತೆಯವರ ಕೊಬ್ಬರಿ ಎಣ್ಣೆ. ಅವರ ಮೇಲೆ ಸಿಟ್ಟಾಗಬೇಡಿ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ವೈದ್ಯ. ಆದರೆ ಇಂಥ ವಿಷಗಳಲ್ಲಿ ಎಷ್ಟೋ ಕರಗುವುದೇ ಜಿಡ್ಡಿನಲ್ಲಿ. ಎಣ್ಣೆ, ತುಪ್ಪ ಕುಡಿಸಿದರೆ ಅದಕ್ಕೆ ಗಾಡಿ ಕಟ್ಟಿ ಕಳಿಸಿದ ಹಾಗೆ. ಹಾಲು, ಮಜ್ಜಿಗೆ, ಹುಣಸೆ ನೀರು, ಯಾವುದೂ ಈ ವಿಷವನ್ನು ಮುರಿಯುವುದಿಲ್ಲ. ಇನ್ನೊಂದು ದೊಡ್ಡ ಅಪಾಯ ಇದೆ. ನಡುಗುತ್ತಿರುವ, ಜೊಲ್ಲು ತುಂಬಿದ ನಾಯಿಗೆ ಸರಿಯಾಗಿ ನುಂಗಲು ಬರುವುದಿಲ್ಲ, ನೀವು ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ವಿಷದಿಂದ ಉಳಿದ ನಾಯಿ ನ್ಯುಮೋನಿಯಾದಿಂದ ಸತ್ತದ್ದನ್ನು ನಾನು ನೋಡಿದ್ದೇನೆ. ಉಪ್ಪುನೀರು ಹಾಕಿ ವಾಂತಿ ಮಾಡಿಸುವುದೂ ಬೇಡ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಔಷಧಿಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿಯಂ ದ್ರಾವಕ ಇರುತ್ತದೆ, ವಾಂತಿಯಲ್ಲಿ ಅದು ಮೇಲೆ ಬರುವಾಗ ಶ್ವಾಸಕೋಶ ಸುಡುತ್ತದೆ. ಸುಮ್ನೆ ಏನೂ ಕುಡಿಸದೆ ಇರುವುದು ಎಷ್ಟೋ ವಾಸಿ.

ಆಸ್ಪತ್ರೆಗೆ ಹೋಗುವಾಗ ನಾಯಿಯ ಜೊತೆ ಆ ಡಬ್ಬಿಯೂ ಬರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಒಮ್ಮೆ ಒಬ್ಬರು ಬೈಕಿನ ಮೇಲೆ ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದರು. ಯಾವ ಎಣ್ಣೆ ಅಂತ ಕೇಳಿದರೆ ಜೇಬಿನಿಂದ ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದರು. ಅಂಗಡಿಯವರು ಚಿಲ್ಲರೆ ಸುರಿದು ಕೊಟ್ಟದ್ದು, ಹೆಸರಿಲ್ಲ, ಬಣ್ಣವಿಲ್ಲ. ನಾನು ಬೆಳ್ಳುಳ್ಳಿ ವಾಸನೆ, ಕಣ್ಣ ಪಾಪೆ, ಎದೆಬಡಿತ ನೋಡಿ ಊಹೆಯ ಮೇಲೆ ಶುರು ಮಾಡಬೇಕಾಯಿತು. ಲೇಬಲ್ ಇದ್ದಿದ್ದರೆ ಊಹೆಯ ಕೆಲಸವೇ ಇರಲಿಲ್ಲ. ನಮ್ಮ ದೇಶದಲ್ಲಿ ಪ್ರತಿ ಕೀಟನಾಶಕದ ಡಬ್ಬಿಯ ಮೇಲೂ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತಲ್ಲ, ಮತ್ತೆ! ಜೊತೆಗೆ ಒಂದು ಮಡಚಿದ ಕಾಗದ ಬರುತ್ತದೆ, ನಾವು ಅಂಗಡಿಯ ಬಾಗಿಲಲ್ಲೇ ಬಿಸಾಕುತ್ತೇವಲ್ಲ, ಅದು. ಆ ವಿಷಕ್ಕೆ ಯಾವ ಮದ್ದು ಅಂತ ಅದರಲ್ಲೇ ಬರೆದಿರುತ್ತದೆ. ಡಬ್ಬಿ ತರಲು ಆಗದಿದ್ದರೆ ಫೋಟೋ ಹೊಡೆದುಕೊಂಡು ಬನ್ನಿ.

ಹೆಸರು ಗೊತ್ತಾದರೆ ಏನು ಲಾಭ? ಕರಿಯನ ಲಕ್ಷಣ ನೋಡಿದರೆ ಪ್ರೊಫೆನೊಫಾಸ್, ಅಸಿಫೇಟ್, ಕ್ಲೋರ್‌ಪೈರಿಫಾಸ್ ಗುಂಪಿನದು ಅನ್ನಿಸುತ್ತದೆ. ಇವಕ್ಕೆ ಆರ್ಗನೋಫಾಸ್ಫೇಟ್ ಅನ್ನುತ್ತಾರೆ. ನರ ಒಂದು ಸಲ ಸಂದೇಶ ಕೊಟ್ಟ ಮೇಲೆ ಅದನ್ನು ಅಳಿಸಿಹಾಕುವ ಒಂದು ಕಿಣ್ವ ಮೈಯಲ್ಲಿ ಇರುತ್ತದೆ. ಈ ವಿಷ ಅದನ್ನೇ ಕಟ್ಟಿಹಾಕುತ್ತದೆ. ಆಗ ಒತ್ತಿದ ಕಾಲಿಂಗ್ ಬೆಲ್ ಸಿಕ್ಕಿಹಾಕಿಕೊಂಡ ಹಾಗೆ, ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಅರಿವಿಲ್ಲದೆ ಉಚ್ಚೆ. ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಮಾಂಸಖಂಡ ಪಟಪಟ ಅದುರುತ್ತದೆ. ಎದೆಯಲ್ಲಿ ನೀರು ತುಂಬಿ ಗೊರಗೊರ ಸದ್ದು ಬರುತ್ತದೆ, ಸಾವು ಹೆಚ್ಚಾಗಿ ಈ ಉಸಿರಿನ ದಾರಿಯಲ್ಲೇ ಬರುವುದು. ಇದಕ್ಕೆ ಅಟ್ರೊಪಿನ್ ಇದೆ, ಪ್ರಾಲಿಡಾಕ್ಸಿಮ್ ಅಂತ ಇನ್ನೊಂದಿದೆ. ಎರಡನೆಯದು ಹೊತ್ತು ಮೀರುವ ಮೊದಲು ಕೊಟ್ಟರೇ ಕೆಲಸ ಮಾಡುತ್ತದೆ, ಮೊದಲ 24 ಗಂಟೆಯೊಳಗೆ ಆದಷ್ಟು ಬೇಗ. ಅದಕ್ಕೇ ಸಂಜೆಯವರೆಗೆ ಕಾಯಬಾರದು.

ಚರ್ಮದ ಮೇಲೆ ಬಿದ್ದದ್ದು ಕೆಲವೊಮ್ಮೆ ತಡವಾಗಿ ತೋರಿಸುತ್ತದೆ, ಮಧ್ಯಾಹ್ನ ಚೆನ್ನಾಗಿತ್ತು ರಾತ್ರಿ ಬಿತ್ತು ಅನ್ನುವುದುಂಟು. ಹಾಗೇ ಸುಧಾರಿಸಿದ ನಾಯಿ ಎರಡು ಮೂರು ದಿನ ಬಿಟ್ಟು ಕುತ್ತಿಗೆ ಎತ್ತಲಾಗದೆ ಸೋಲುವುದೂ ಉಂಟು. ಆಗ ಮತ್ತೆ ಕರೆದುಕೊಂಡು ಬನ್ನಿ. ರಾತ್ರಿಯಾಗಲಿ, ಊರು ದೂರವಾಗಲಿ, 1962ಕ್ಕೆ ಫೋನ್ ಮಾಡಿ ಕೇಳಿ, ಅದು ಪಶು ಚಿಕಿತ್ಸಾ ವಾಹನದ ಉಚಿತ ನಂಬರು. ಅವರು ಬರುವ ತನಕ ತೊಳೆಯುವ ಕೆಲಸ ನಡೆಯಲಿ.

ಅಂದಹಾಗೆ "ಎಣ್ಣೆ ಹೊಡೆಯುವುದು" ಅನ್ನುವ ನಮ್ಮ ಮಾತೇ ಸ್ವಲ್ಪ ಮೋಸದ್ದು. ಎಣ್ಣೆ ಅಂದ ಕೂಡಲೇ ಅಡುಗೆ ಮನೆ ನೆನಪಾಗಿ ಭಯ ಅರ್ಧ ಇಳಿಯುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿ ಬಾಡಿಗೆ ಮನೆ. ಜಿರಳೆಗೆ ಅಡುಗೆ ಮನೆಯಲ್ಲಿ ಸ್ಪ್ರೇ ಹೊಡೆದೆ. ನಮ್ಮ ಪಮೇರಿಯನ್ ಅಲ್ಲೇ ಮೂಸಿ, ಒಂದು ಸತ್ತ ಜಿರಳೆಯನ್ನೂ ತಿಂದಿತು. ಮೂತಿ ಉಜ್ಜಿಕೊಳ್ಳುತ್ತಿದೆ, ಸೀನುತ್ತಿದೆ. ಇದೂ ಅಷ್ಟೇ ಅಪಾಯವೇ?

ಉತ್ತರ: ಅಷ್ಟಿಲ್ಲ, ಗಾಬರಿ ಬೇಡ. ಅಂಗಡಿಯಲ್ಲಿ ಸಿಗುವ ಜಿರಳೆ, ಸೊಳ್ಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರಿಥ್ರಾಯ್ಡ್ ಜಾತಿಯ ಔಷಧಿ, ಸೈಪರ್‌ಮೆಥ್ರಿನ್, ಇಮಿಪ್ರೊಥ್ರಿನ್ ಅಂಥವು, ಅದೂ ತೆಳು ಪ್ರಮಾಣದಲ್ಲಿ. ನಾಯಿಯ ಯಕೃತ್ತು ಇದನ್ನು ಮುರಿದು ಹೊರಹಾಕಬಲ್ಲದು. ಚರ್ಮಕ್ಕೆ ತಾಗಿದರೆ ಚುರುಚುರು ಅನ್ನುತ್ತದೆ, ಅದಕ್ಕೇ ಮೂತಿ ಉಜ್ಜಿಕೊಳ್ಳುವುದು. ನಾಲಿಗೆಗೆ ಕಹಿ ಹತ್ತಿದರೆ ನೊರೆ ಜೊಲ್ಲು ಸುರಿಸುತ್ತದೆ, ನೋಡಿದವರಿಗೆ ಜೀವ ಹೋಗುತ್ತಿದೆ ಅನ್ನಿಸುತ್ತದೆ, ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಕಿಟಕಿ ತೆಗೆಯಿರಿ, ಒದ್ದೆ ಬಟ್ಟೆಯಿಂದ ಮೂತಿ, ಕಾಲು ಒರೆಸಿ, ಕುಡಿಯಲು ನೀರು ಇಡಿ. ಒಂದು ಜಿರಳೆಯಿಂದ ಏನೂ ಆಗುವುದಿಲ್ಲ. ನಡುಕ ಶುರುವಾದರೆ, ತೂರಾಡಿದರೆ, ಪದೇಪದೇ ವಾಂತಿಯಾದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಮನೆಯಲ್ಲಿ ಬೆಕ್ಕು ಇದೆಯಾ? ನೀವು ಬರೆದಿಲ್ಲ. ಇದ್ದರೆ ಕಥೆ ಬೇರೆ. ನಾಯಿ ಮುರಿಯುವ ವಿಷವನ್ನು ಬೆಕ್ಕಿನ ಯಕೃತ್ತು ಮುರಿಯಲಾರದು. ನಾಯಿಗೆ ಅಂತ ತಂದ ಉಣ್ಣೆ ಔಷಧಿಯ ಹನಿ ಬೆಕ್ಕಿಗೆ ಹಾಕಿ ಅದು ಗಂಟೆಗಟ್ಟಲೆ ನಡುಗುವುದನ್ನು ನೋಡುವುದು ಸಂಕಟ. ಮೀನಿನ ತೊಟ್ಟಿ ಇದ್ದರೂ ಸ್ಪ್ರೇ ಹೊಡೆಯುವಾಗ ಮುಚ್ಚಿ, ಮೀನಿಗೆ ಇದು ಘೋರ ವಿಷ. ಬೀದಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂದಾಗ ನಾಯಿಯನ್ನು ಒಳಗೆ ಕರೆದುಕೊಳ್ಳಿ, ಹೊಗೆ ಇಳಿದ ಮೇಲೆ ಅದರ ನೀರಿನ ಬಟ್ಟಲು ತೊಳೆದು ಬೇರೆ ನೀರು ಇಡಿ. ಅಷ್ಟು ಸಾಕು.

ಪ್ರಶ್ನೆ: ಸರ್, ಕುಷ್ಟಗಿ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ಎರಡು ಮುಧೋಳ ನಾಯಿ ಇವೆ, ಮೈತುಂಬ ಉಣ್ಣೆ. ದಾಳಿಂಬೆ ತೋಟಕ್ಕೆ ತಂದ ಔಷಧಿಯನ್ನೇ ಬಕೆಟ್ಟಿಗೆ ಒಂದು ಮುಚ್ಚಳ ಹಾಕಿ ಮೈ ತೊಳಿ, ಒಂದೇ ದಿನಕ್ಕೆ ಉದುರುತ್ತವೆ ಅಂತ ಗೆಳೆಯ ಹೇಳುತ್ತಾನೆ. ಅವನು ಮಾಡಿದ್ದಾನಂತೆ, ಏನೂ ಆಗಿಲ್ಲವಂತೆ. ಮಾಡಬಹುದಾ?

ಉತ್ತರ: ಬೇಡ. ಗೆಳೆಯನ ನಾಯಿಗೆ ಏನೂ ಆಗಲಿಲ್ಲ ಅನ್ನುವುದು ಅವನ ಅದೃಷ್ಟದ ಲೆಕ್ಕ, ಔಷಧಿಯ ಲೆಕ್ಕ ಅಲ್ಲ. ನಿಜ ಹೇಳಬೇಕೆಂದರೆ ಹೊಲದಲ್ಲಿ ಅಕಸ್ಮಾತ್ ವಿಷ ತಾಗಿಸಿಕೊಂಡ ನಾಯಿಗಳಿಗಿಂತ ಹೀಗೆ ಪ್ರೀತಿಯಿಂದ ವಿಷದ ಸ್ನಾನ ಮಾಡಿಸಿಕೊಂಡ ನಾಯಿಗಳೇ ನನ್ನ ಹತ್ತಿರ ಜಾಸ್ತಿ ಬಂದಿವೆ.

ನಿಮ್ಮ ಗೆಳೆಯ ಒಂದು ವಾದ ಹೂಡಬಹುದು. ಫಿಪ್ರೋನಿಲ್ ಮೆಣಸಿನಕಾಯಿಗೂ ಹೊಡೆಯುತ್ತಾರೆ, ನಾಯಿಯ ಬೆನ್ನಿಗೂ ಹನಿ ಹಾಕುತ್ತಾರೆ, ಇಮಿಡಾಕ್ಲೋಪ್ರಿಡ್ ಕೂಡ ಹಾಗೇ, ಎರಡೂ ಒಂದೇ ಅಲ್ವಾ ಅಂತ. ಹೆಸರು ಒಂದೇ, ಸರಕು ಒಂದೇ ಅಲ್ಲ. ನಾಯಿಗೆ ಮಾಡಿದ್ದರಲ್ಲಿ ಅದರ ತೂಕಕ್ಕೆ ಅಳತೆ ಮಾಡಿದ ಪ್ರಮಾಣ ಇರುತ್ತದೆ, ಚರ್ಮಕ್ಕೆ ಒಗ್ಗುವ ದ್ರಾವಕ ಇರುತ್ತದೆ. ಹೊಲದ್ದರಲ್ಲಿ ಎಲೆಗೆ ಅಂಟಿಕೊಳ್ಳಲು, ಎಲೆಯೊಳಗೆ ಇಳಿಯಲು ಬೇಕಾದ್ದೆಲ್ಲ ಬೆರೆಸಿರುತ್ತಾರೆ. ಇನ್ನು "ಒಂದು ಮುಚ್ಚಳ" ಅನ್ನುವುದು ಯಾವ ಅಳತೆ? ಮುಚ್ಚಳ ಒಂದೊಂದು ಕಂಪನಿಯದು ಒಂದೊಂದು ಗಾತ್ರ. ಮುಧೋಳ ನಾಯಿ ಬೇರೆ, ಕೂದಲು ಸಣ್ಣದು, ಮೈಯಲ್ಲಿ ಕೊಬ್ಬು ಅನ್ನುವುದೇ ಇಲ್ಲ, ಚರ್ಮ ಕೈಗೆ ಕಾಗದದ ಹಾಗೆ ಸಿಗುತ್ತದೆ.

ಪಶು ಔಷಧಿ ಅಂಗಡಿಯಲ್ಲಿ ಸಿಗುವ ಅಮಿಟ್ರಾಜ್ ದ್ರಾವಣ ಬಳಸಬಹುದು, ಆದರೆ ಡಾಕ್ಟರನ್ನು ಕೇಳಿ, ಲೇಬಲ್ಲಿನ ಅಳತೆಗೆ ಸಿರಿಂಜಿನಲ್ಲಿ ಎಳೆದು ಬೆರೆಸಿ, ಗಾಳಿ ಆಡುವ ಕಡೆ ಹಚ್ಚಿ, ಒಣಗುವ ತನಕ ನೆಕ್ಕದ ಹಾಗೆ ಕಾಯಬೇಕು. ಮರಿಗಳಿಗೆ, ಕಾಯಿಲೆ ಬಿದ್ದದ್ದಕ್ಕೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಬೇಡ. ಅಮಿಟ್ರಾಜ್ ಜಾಸ್ತಿಯಾದರೆ ನಾಯಿ ನಡುಗುವುದಕ್ಕಿಂತ ಮಂಕಾಗಿ ಬೀಳುತ್ತದೆ, ಎದೆಬಡಿತ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಹಾಗಾದರೆ ಮತ್ತೆ ಸೋಪು ನೀರು, ಆಮೇಲೆ ಆಸ್ಪತ್ರೆ. ಅದಕ್ಕೆ ಮದ್ದು ಬೇರೆ, ಅಟ್ರೊಪಿನ್ ಅಲ್ಲ. ಕೈಯಲ್ಲಿ ದುಡ್ಡಿದ್ದರೆ ತಿನ್ನಿಸುವ ಮಾತ್ರೆಗಳೂ ಬಂದಿವೆ, ಆದರೆ ಫಿಟ್ಸ್ ಬಂದ ಇತಿಹಾಸ ಇರುವ ನಾಯಿಗೆ ಅದನ್ನು ಡಾಕ್ಟರಿಗೆ ಹೇಳದೆ ಕೊಡಬಾರದು.

ಮತ್ತೆ ನಾಯಿಯ ಮೈ ಒಂದನ್ನೇ ತೊಳೆದರೆ ಉಣ್ಣೆ ಹೋಗುವುದಿಲ್ಲ. ರಕ್ತ ಕುಡಿದು ದಪ್ಪಗಾದ ಉಣ್ಣೆ ಕೆಳಗೆ ಉದುರಿ, ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಜಾಗದ ಗೋಡೆಗೆ ಸಿಮೆಂಟ್ ಮೆತ್ತಿ ಬಿರುಕು ಮುಚ್ಚಿ, ಗೋಣಿತಟ್ಟು ಸುಟ್ಟು ಹೊಸದು ಹಾಕಿ. ಅರ್ಧ ಉಣ್ಣೆ ಅಲ್ಲಿಗೇ ಕಮ್ಮಿ.

ಪ್ರಶ್ನೆ: ಕಾರಟಗಿ ಕಡೆಯ ಕ್ಯಾಂಪಿನವರು ನಾವು. ಭತ್ತಕ್ಕೆ ಗುಳಿಗೆ ಎರಚುತ್ತೇವೆ. ನಾಯಿ ಗದ್ದೆ ನೀರು ಕುಡಿಯುತ್ತದೆ. ಏನಾದರೂ ಆಗುತ್ತದಾ?

ಉತ್ತರ: ಯಾವ ಗುಳಿಗೆ ಅನ್ನುವುದರ ಮೇಲಿದೆ. ಕ್ಲೋರಾಂಟ್ರಾನಿಲಿಪ್ರೋಲ್ ಥರದ್ದು ಪ್ರಾಣಿಗಳಿಗೆ ಅಷ್ಟು ಕೆಡುಕಲ್ಲ. ಕಾರ್ಬೊಫ್ಯೂರಾನ್ ಆದರೆ ಭಾರಿ ವಿಷ, ಅದು ಕರಿಯನಿಗೆ ಆದ ಹಾಗೇ ಹಿಡಿಯುತ್ತದೆ, ಅದಕ್ಕಿಂತ ಬೇಗ. ಗದ್ದೆಯ ಅಷ್ಟೂ ನೀರಿನಲ್ಲಿ ಕರಗಿದ್ದಕ್ಕಿಂತ ನನಗೆ ಭಯ ಇರುವುದು ಬದುವಿನ ಮೇಲೆ ಬಿಟ್ಟ ಹರಿದ ಚೀಲ, ಎರಚಲು ಮರಳಿನ ಜೊತೆ ಕಲಸಿ ಉಳಿದ ಬುಟ್ಟಿ, ಪಂಪು ತೊಳೆದ ಡ್ರಮ್ಮು. ಬಿಸಿಲಿಗೆ ಬಾಯಾರಿದ ನಾಯಿ ಮೊದಲು ಹೋಗುವುದೇ ಆ ಡ್ರಮ್ಮಿಗೆ. ಮಗುಚಿ ಹಾಕಿ, ಪಕ್ಕದಲ್ಲಿ ಒಂದು ಮಡಕೆ ಒಳ್ಳೆ ನೀರು ಇಡಿ. ನಾಯಿ ಗದ್ದೆಗೆ ಇಳಿಯುವುದಿಲ್ಲ.

ಪ್ರಶ್ನೆ: ನಮ್ಮೂರಿಂದ ಮಾನ್ವಿಗೆ ಹೋಗಲು ಒಂದು ಗಂಟೆ ಬೇಕು. ಮೆಡಿಕಲ್ ಶಾಪಿನಿಂದ ಅಟ್ರೊಪಿನ್ ತಂದು ಮನೆಯಲ್ಲಿ ಇಟ್ಟುಕೊಂಡರೆ ಹೇಗೆ? ನಮ್ಮ ತಮ್ಮನಿಗೆ ಇಂಜೆಕ್ಷನ್ ಹಾಕಲು ಬರುತ್ತದೆ.

ಉತ್ತರ: ತಮ್ಮನಿಗೆ ಸೂಜಿ ಚುಚ್ಚಲು ಬರುತ್ತದೆ, ಎಷ್ಟು ಚುಚ್ಚಬೇಕು ಅನ್ನುವುದು ಗೊತ್ತಾ? ಅಟ್ರೊಪಿನ್ ಜೊಲ್ಲು, ಎದೆಯ ನೀರು ಒಣಗಿಸುತ್ತದೆ, ನಿಧಾನವಾದ ಎದೆಬಡಿತವನ್ನು ಏರಿಸುತ್ತದೆ. ಮಾಂಸಖಂಡದ ನಡುಕಕ್ಕೆ ಅದು ನಾಟುವುದೇ ಇಲ್ಲ. ಗೊತ್ತಿಲ್ಲದವರು ಇನ್ನೂ ನಡುಗುತ್ತಿದೆಯಲ್ಲ ಅಂತ ಮತ್ತೊಂದು, ಮತ್ತೊಂದು ಹಾಕುತ್ತಾ ಹೋಗುತ್ತಾರೆ, ನಾಯಿಯ ಎದೆ ಡವಡವ ಓಡಿ, ಕರುಳು ನಿಂತು, ವಿಷದ ಮೇಲೆ ಇನ್ನೊಂದು ವಿಷವಾಗುತ್ತದೆ. ನಾವೇ ಸ್ಟೆತಸ್ಕೋಪ್ ಇಟ್ಟು ಎದೆಯ ಸದ್ದು ಕೇಳಿ ಕೇಳಿ ಸ್ವಲ್ಪ ಸ್ವಲ್ಪ ಕೊಡುತ್ತೇವೆ. ತಾಗಿದ್ದು ಪೈರಿಥ್ರಾಯ್ಡ್ ಆಗಿದ್ದರಂತೂ ಅಟ್ರೊಪಿನ್ ಅದರ ಮದ್ದೇ ಅಲ್ಲ, ಅಲ್ಲಿ ನಡುಕ ಇಳಿಸುವ ಔಷಧಿ ಬೇಕು.

ಆ ಒಂದು ಗಂಟೆಯ ದಾರಿಯಲ್ಲಿ ತಮ್ಮನಿಗೆ ಬೇರೆ ಕೆಲಸ ಇದೆ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಕೆಳಮುಖ ಇಟ್ಟು, ಬಾಯಿಯ ಜೊಲ್ಲು ಬಟ್ಟೆಯಿಂದ ಒರೆಸುತ್ತಾ ಬರಲಿ. ಕಂಬಳಿ ಹೊದಿಸಿ ಬಿಗಿದು ಕಟ್ಟಬೇಡಿ. ಸುಮ್ಮನೆ ನಡುಗುತ್ತಿದ್ದರೇ ಮೈ ಬಿಸಿ ಏರುತ್ತದೆ, ನಮ್ಮ ಬಿಸಿಲಿನಲ್ಲಿ ಕೇಳಬೇಕಾ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಔಷಧಿಯ ಹೆಸರು, ನಾಯಿಯ ತೂಕ ಹೇಳಿಬಿಟ್ಟರೆ ನೀವು ಮುಟ್ಟುವ ಹೊತ್ತಿಗೆ ಅಲ್ಲಿ ಸಿರಿಂಜು ತುಂಬಿರುತ್ತದೆ.

ಪ್ರಶ್ನೆ: ಎಣ್ಣೆ ಹೊಡೆದ ಹೊಲಕ್ಕೆ ನಾಯಿಯನ್ನು ಮತ್ತೆ ಎಷ್ಟು ದಿನಕ್ಕೆ ಬಿಡಬಹುದು? (ಲಿಂಗಸುಗೂರು)

ಉತ್ತರ: ಲೇಬಲ್ಲಿನಲ್ಲಿ ಎಷ್ಟು ದಿನ ಅಂತ ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲದಿದ್ದರೆ ಎರಡು ಮೂರು ದಿನ ಕಟ್ಟಿಹಾಕಿ, ಕೆಂಪು, ಹಳದಿ ಗುರುತಿನದ್ದಾದರೆ ಇನ್ನೂ ಹೆಚ್ಚು. ಸಂಜೆ ಹೊಡೆದಿದ್ದು ಬೆಳಿಗ್ಗೆಗೆ ಒಣಗಿದೆ ಅಂತ ನೋಡಿ ಬಿಡಬೇಡಿ. ಬೆಳಗಿನ ಜಾವ ಇಬ್ಬನಿ ಬಿದ್ದಿರುತ್ತದೆ, ಒಣಗಿದ ಔಷಧಿ ಎಲೆಯ ಮೇಲೆ ಮತ್ತೆ ಒದ್ದೆಯಾಗಿರುತ್ತದೆ, ನಿಮ್ಮ ಲುಂಗಿಯ ಅಂಚು ನೆನೆಯುವ ಹಾಗೆ ಅದರ ಹೊಟ್ಟೆಯೂ ನೆನೆಯುತ್ತದೆ. ಹಾಗೂ ತಪ್ಪಿಸಿಕೊಂಡು ಹೋದರೆ, ಬಂದ ಕೂಡಲೇ ಬಾಗಿಲಲ್ಲೇ ಹಿಡಿದು ಕಾಲು, ಹೊಟ್ಟೆ ಸೋಪು ಹಚ್ಚಿ ತೊಳೆಯಿರಿ.